ಒಂದೇ ಹಾಡು, ನಾಲ್ವರು ಟೆನರ್‌ಗಳು: ಕೇಳಿ ಹೋಲಿಸುವ ಬಗೆ

ಹೋಲಿಸಬೇಕಾದ ಜರ್ಮನ್ ಹಾಡು 'ಡೈನ್ ಇಸ್ಟ್ ಮೈನ್ ಗಾನ್ತ್ಸೆಸ್ ಹೆರ್ತ್ಸ್', ಅಂದರೆ 'ನನ್ನ ಇಡೀ ಹೃದಯ ನಿನ್ನದು'. ಸಂಗೀತ ರಚನೆಕಾರ ಫ್ರಾಂಝ್ ಲೆಹಾರ್ ಇದನ್ನು ಟೆನರ್ (ಪುರುಷರ ಮೇಲಿನ ಸ್ಥಾಯಿಯ ಕಂಠ) ಗಾಯಕ ರಿಚರ್ಡ್ ಟೌಬರ್ ಕಂಠಕ್ಕೆ ಅಳತೆ ಹಿಡಿದು ಬರೆದರು. 1929ರ ಅಕ್ಟೋಬರ್ 10ರಂದು ಬರ್ಲಿನ್‌ನ ಮೆಟ್ರೊಪೋಲ್ ಥಿಯೇಟರಿನಲ್ಲಿ ಈ ಹಾಡಿರುವ ಆಪರೆಟ್ಟಾ (ಹಗುರ ಸಂಗೀತ ನಾಟಕ), 'ನಗುವಿನ ನಾಡು', ಮೊದಲ ಬಾರಿಗೆ ರಂಗಕ್ಕೆ ಬಂತು. ಎರಡನೇ ಅಂಕದಲ್ಲಿ ಚೀನೀ ರಾಜಕುಮಾರ ಸೂ-ಚಾಂಗ್ ಇದನ್ನು ತಾನು ಪ್ರೀತಿಸುವ ಲೀಸಾಳಿಗೆ ಹಾಡುತ್ತಾನೆ. ಮಾತು ಒಬ್ಬಳಿಗೆ, ಸಭೆಗಲ್ಲ. ಹೋಲಿಸುವಾಗ ಮೊದಲ ಅಳತೆಗೋಲು ಇದೇ.

ಹೋಲಿಕೆಗೆ ನಾಲ್ಕು ಧ್ವನಿಮುದ್ರಿಕೆ ಸಾಕು. ಟೌಬರ್ ಅವರದು ಇರಲೇಬೇಕು. ಜೊತೆಗೆ ನಿಕೊಲಾಯ್ ಗೆಡ್ಡಾ (ಒಟ್ಟೊ ಅಕರ್‌ಮಾನ್ ನಿರ್ದೇಶನದ 1953ರ ಪೂರ್ಣ ಆಪರೆಟ್ಟಾ), ಫ್ರಿಟ್ಜ್ ವುಂಡರ್‌ಲಿಷ್, ಯೋನಾಸ್ ಕೌಫ್‌ಮಾನ್ (2014). ಎಲ್ಲವೂ ಜರ್ಮನ್ ಭಾಷೆಯಲ್ಲೇ ಇರಲಿ. ಇಂಗ್ಲಿಷ್ ಆವೃತ್ತಿಯಲ್ಲಿ ಸ್ವರಾಕ್ಷರಗಳೇ ಬೇರೆ. ಹಾಗಾಗಿ ಮೇಲಿನ ಸ್ವರದ ಬಣ್ಣವೂ ಬದಲಾಗುತ್ತದೆ, ಹೋಲಿಕೆ ಕೆಡುತ್ತದೆ.

ಕೇಳುವ ಮೊದಲು ಎಲ್ಲದರ ಗಟ್ಟಿತನವನ್ನು ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿರುವುದು ಕಿವಿಗೆ ಸುಮ್ಮನೆ ಚೆನ್ನಾಗಿ ಕೇಳಿಸುತ್ತದೆ. ಮುಂದೆ ಶ್ರುತಿ ನೋಡಿ. ಮೂಲ ಶ್ರುತಿ ಪಾಶ್ಚಾತ್ಯ ಪದ್ಧತಿಯ ಡಿ-ಫ್ಲಾಟ್ ಮೇಜರ್. ಹಳೆಯ ಗ್ರಾಮಫೋನ್ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿ ಮುದ್ರಣವಾದವಲ್ಲ. 78ರದನ್ನು 80ರಲ್ಲಿ ತಿರುಗಿಸಿದರೆ ಶ್ರುತಿ ಹತ್ತಿರಹತ್ತಿರ ಕಾಲು ಸ್ವರ ಏರುತ್ತದೆ, ಕಂಠ ಇದ್ದದ್ದಕ್ಕಿಂತ ತೆಳುವಾಗಿ ಕೇಳುತ್ತದೆ. ಟೌಬರ್ 'ಹಗುರ' ಅನ್ನಿಸಿದರೆ ಮೊದಲು ತಟ್ಟೆಯ ವೇಗವನ್ನು ಅನುಮಾನಿಸಿ. ಸರಸರ ಶಬ್ದವನ್ನು ಪೂರ್ತಿ ಅಳಿಸಿದ ಪ್ರತಿಯನ್ನೂ ಬಿಡಿ. ಅದರೊಡನೆ 'ಹೆರ್ತ್ಸ್'ನ ಕೊನೆಯ 'ತ್ಸ್' ಮಸುಕಾಗಿರುತ್ತದೆ.

ಕಂಠ ಎಷ್ಟು ದೊಡ್ಡದು ಎಂದು ಮಾತ್ರ ತೀರ್ಪು ಕೊಡಬೇಡಿ. ಮೈಕ್ ಎಷ್ಟು ಹತ್ತಿರವಿತ್ತು ಎಂಬುದು ಒಂದೊಂದರಲ್ಲಿ ಒಂದೊಂದು ಥರ.

ಈಗ ಹಾಡು. ಚಿಕ್ಕ ವಾದ್ಯ ಪೀಠಿಕೆ ಮುಗಿದೊಡನೆ ನೇರವಾಗಿ ಪಲ್ಲವಿ. 'ಡೈನ್' ಎಂಬ ಮೊದಲ ಪದಕ್ಕೆ ಗಾಯಕ ನೇರ ಬಂದು ನಿಲ್ಲುತ್ತಾನೋ, ಕೆಳಗಿನಿಂದ ಜಾರಿ ಏರುತ್ತಾನೋ ಗಮನಿಸಿ. ಆಮೇಲೆ ಉಸಿರು ಎಲ್ಲಿ ತೆಗೆದರೆಂದು ಸಾಹಿತ್ಯದ ಹಾಳೆಯ ಮೇಲೆ ಗೆರೆ ಎಳೆಯಿರಿ. ಅರ್ಥ ಮುರಿಯುವಲ್ಲಿ ಗೆರೆ ಬಿದ್ದರೆ ಅದು ದೋಷ, ಹೆಸರು ಎಷ್ಟೇ ದೊಡ್ಡದಿರಲಿ.

'ವೋಹಿನ್ ಇಷ್ ಇಮ್ಮರ್ ಗೇಹೆ' ಎಂದು ಶುರುವಾಗುವ ನಡುಭಾಗದಲ್ಲಿ ಬಹಳ ಮಂದಿ ಸೋಲುತ್ತಾರೆ. ಅಲ್ಲಿ ರಾಗಕ್ಕಿಂತ ಮಾತು ಹೆಚ್ಚು. ಸ್ವರ ಕಾಯುತ್ತ ಕುಳಿತವರಲ್ಲಿ ಪದಗಳು ನೆಲಕಚ್ಚುತ್ತವೆ. ಗೆಡ್ಡಾ ಇಲ್ಲಿ ಅಕ್ಷರಕ್ಷರ ಸ್ಪಷ್ಟ.

ಹಾಡಿನ ನಿಜವಾದ ಪರೀಕ್ಷೆ ಪಲ್ಲವಿ ಮರಳಿ ಬರುವಾಗ. ಅದೇ ಸಾಲು, ಅದೇ ರಾಗ. ಆದರೆ ನಡುಭಾಗ ದಾಟಿ ಬಂದವನು ಅದನ್ನು ಮೊದಲಿನಂತೆಯೇ ಹಾಡಿದರೆ ಹಾಡು ನಿಂತಲ್ಲೇ ನಿಂತಿತು ಎಂದರ್ಥ. ಮೊದಲ ಪಲ್ಲವಿ ಮತ್ತು ಮರಳಿದ ಪಲ್ಲವಿಯನ್ನು ಕತ್ತರಿಸಿ ಬೆನ್ನುಬೆನ್ನಿಗೆ ಕೇಳಿ. ಟೌಬರ್ ಲಯವನ್ನು ಎಳೆದು ಸಡಿಲಿಸಿ, ದನಿಯನ್ನು ಪಿಸುಮಾತಿನಷ್ಟು ಇಳಿಸಬಲ್ಲರು. ನನ್ನ ಮಟ್ಟಿಗೆ ಆ ಮೃದುತ್ವಕ್ಕೆ ಇನ್ನೂ ಸಾಟಿಯಿಲ್ಲ. ವುಂಡರ್‌ಲಿಷ್ ಅವರದು ಎಲ್ಲೂ ತಿಣುಕದ, ಬೆಳಕು ತುಂಬಿದ ಹರಿವು. ಕೌಫ್‌ಮಾನ್ ಅವರ ಗಾಢ, ಬ್ಯಾರಿಟೋನ್ (ಟೆನರ್‌ಗಿಂತ ಕೆಳಗಿನ ಪುರುಷ ಕಂಠ) ಛಾಯೆಯ ದನಿ ಅದೇ ಸಾಲಿಗೆ ಬೇರೆಯೇ ವಯಸ್ಸು ಕೊಡುತ್ತದೆ.

ಕೊನೆಯ 'ಇಷ್ ಹಾಪ್ ಡಿಷ್ ಲೀಪ್'ಗೆ ಎಲ್ಲರೂ ಕಾಯುತ್ತಾರೆ, ಆದರೆ ಅಂಕವನ್ನೆಲ್ಲ ಅಲ್ಲಿ ಸುರಿಯಬೇಡಿ. ಹಾಡಿನ ಅತಿ ಎತ್ತರದ ಸ್ವರ ಎ-ಫ್ಲಾಟ್, ಟೆನರ್‌ಗೆ ಅದು ತೀರಾ ಮೇಲಲ್ಲ. ಎಷ್ಟು ಹೊತ್ತು ಹಿಡಿದರು ಎನ್ನುವುದಕ್ಕಿಂತ ಹೇಗೆ ಬಿಟ್ಟರು ಎಂಬುದನ್ನು ಬರೆದುಕೊಳ್ಳಿ.

ಮೊದಲು ಕೇಳಿದ್ದೇ ಮಿಕ್ಕವುಗಳಿಗೆ ಮಾನದಂಡವಾಗಿಬಿಡುತ್ತದೆ. ಅದಕ್ಕೆ ಒಂದು ವಾರ ಬಿಟ್ಟು, ಹೆಸರು ಕಾಣದಂತೆ ಬೇರೆಯವರ ಕೈಯಲ್ಲಿ ಹಾಕಿಸಿ, ಕ್ರಮ ತಿರುಗಿಸಿ ಕೇಳಿ. ಎರಡು ಹಾಳೆಗಳ ಟಿಪ್ಪಣಿ ಎಲ್ಲಿ ಹೊಂದುವುದಿಲ್ಲವೋ ಆ ಸಾಲನ್ನಷ್ಟೇ ಮೂರನೇ ಸಲ ಹಾಕಿ.