ಮಾತ್ರೆ ನುಂಗಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೇ? ಡೋಸ್ ಏರಿಸುವ ಮೊದಲು ನೋಡಬೇಕಾದ್ದು

ಹೈಪೋಥೈರಾಯ್ಡ್‌ಗೆ, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ಮಾಡದಿರುವ ಕಾಯಿಲೆಗೆ, ಕೊಡುವ ಲೆವೊಥೈರಾಕ್ಸಿನ್ (ಥೈರಾಕ್ಸಿನ್ ಹಾರ್ಮೋನ್) ಮಾತ್ರೆ ಚಿಕ್ಕದು, ಅಗ್ಗದ್ದು, ದಿನಕ್ಕೆ ಒಂದೇ. ಅದು ಸಾಕಾಗುತ್ತಿದೆಯೇ ಎಂದು ಹೇಳುವುದು ಟಿಎಸ್‌ಎಚ್ ರಕ್ತಪರೀಕ್ಷೆ: ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನ್ ಇದು, ಥೈರಾಕ್ಸಿನ್ ಕಡಿಮೆಯಾದರೆ ಇದು ಏರುತ್ತದೆ. ಆದರೂ ಆರು ತಿಂಗಳಾದ ಮೇಲೂ ಟಿಎಸ್‌ಎಚ್ 9, 12 ಎಂದೇ ಬರುತ್ತಿದೆ ಅನ್ನುವವರಿಗೇನೂ ಕೊರತೆಯಿಲ್ಲ. ಆಗ 75 ಮೈಕ್ರೊಗ್ರಾಂ ಇದ್ದದ್ದು 100 ಆಗುತ್ತದೆ, 100 ಇದ್ದದ್ದು 125 ಆಗುತ್ತದೆ. ಹಲವು ಸಲ ಮಾತ್ರೆಯ ಬಲ ಸರಿಯಾಗಿಯೇ ಇರುತ್ತದೆ, ಅದು ಕರುಳಿನಿಂದ ರಕ್ತಕ್ಕೆ ಸೇರುವ ದಾರಿಯಲ್ಲಿ ಏನೋ ಅಡ್ಡ ಕೂತಿರುತ್ತದೆ. ಡೋಸ್ ಏರಿಸಿಕೊಂಡಾದ ಮೇಲೆ ಆ ಅಡ್ಡಿ ತಾನಾಗಿ ಸರಿದರೆ, ಉದಾಹರಣೆಗೆ ಕ್ಯಾಲ್ಸಿಯಂ ಕೋರ್ಸ್ ಮುಗಿದರೆ, ಅದೇ 125 ಅತಿಯಾಗಿ ಎದೆ ಡವಡವ, ಕೈನಡುಕ, ನಿದ್ದೆಗೇಡು ಶುರುವಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಹೋಗುವ ಮುಂಚೆ ಇಲ್ಲಿರುವುದನ್ನು ಒಂದೊಂದಾಗಿ ನೋಡಿಕೊಳ್ಳಿ. ಡೋಸ್ ಬದಲಿಸುವ ತೀರ್ಮಾನ ಮಾತ್ರ ಅವರದೇ.

ಮೊದಲು ಡಬ್ಬಿ ಎಣಿಸಿ

ಹೊಸ ಡಬ್ಬಿ ತೆರೆದ ದಿನವೇ ಮುಚ್ಚಳದ ಮೇಲೆ ತಾರೀಖು ಬರೆಯಿರಿ. 120 ಮಾತ್ರೆಯ ಡಬ್ಬಿಯಾದರೆ 50 ದಿನ ಕಳೆದಾಗ 70 ಉಳಿದಿರಬೇಕು. 81 ಉಳಿದಿದ್ದರೆ 11 ದಿನ ತಪ್ಪಿದೆ ಎಂದರ್ಥ, ನೆನಪು ಏನೇ ಹೇಳಲಿ. ಈ ಮಾತ್ರೆ ತಪ್ಪಿದ್ದು ಅಂದೇ ಮೈಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಸಕ್ಕರೆ ಕಾಯಿಲೆಯ ಮಾತ್ರೆಯ ಹಾಗೆ ಸಂಜೆಗೇ ಲೆಕ್ಕ ಕೇಳುವ ಜಾತಿಯಲ್ಲ ಇದು.

ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಶಿಸ್ತಾಗಿ ನುಂಗಿದರೂ ರಿಪೋರ್ಟು ಗುಟ್ಟು ಬಿಟ್ಟುಕೊಡುತ್ತದೆ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್) ಕೆಲವೇ ದಿನಗಳಲ್ಲಿ ಮೇಲೇಳುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳು ಬೇಕು. ಟಿ4 ಸರಿಯಾಗಿದ್ದು ಅಥವಾ ತುಸು ಹೆಚ್ಚೇ ಇದ್ದು ಟಿಎಸ್‌ಎಚ್ ಕೂಡ ಏರಿಯೇ ಇದ್ದರೆ ಅನುಭವಿ ಡಾಕ್ಟರು ಮೊದಲು ಅನುಮಾನಿಸುವುದು ಇದನ್ನೇ.

ಮರೆತದ್ದು ಅದೇ ದಿನ ನೆನಪಾದರೆ ಹೊಟ್ಟೆ ಖಾಲಿಯಿರುವ ಹೊತ್ತು ನೋಡಿ ನುಂಗಿ. ಮಾರನೆಯ ದಿನ ನೆನಪಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಿ ಎಂದು ಎಷ್ಟೋ ಡಾಕ್ಟರು ಹೇಳುತ್ತಾರೆ. ಆದರೆ ಹೃದಯದ ತೊಂದರೆ ಇರುವವರು, ವಯಸ್ಸಾದವರು ಕೇಳದೆ ಹಾಗೆ ಮಾಡಬಾರದು.

ಡಬ್ಬಿ ಕೈಯಲ್ಲಿರುವಾಗಲೇ ಅದರ ಬಲವನ್ನೂ ಓದಿ. ಒಂದೇ ಕಂಪನಿಯ 25, 50, 75, 100ರ ಡಬ್ಬಿಗಳು ನೋಡಲು ಅಣ್ಣತಮ್ಮಂದಿರಂತಿರುತ್ತವೆ. ಲೆಕ್ಕ ಇರುವುದು ಮೈಕ್ರೊಗ್ರಾಂನಲ್ಲಿ. ಕೆಲವು ಚೀಟಿಗಳಲ್ಲಿ 0.1 ಮಿಲಿಗ್ರಾಂ ಎಂದಿರುತ್ತದೆ, ಅದೂ 100 ಮೈಕ್ರೊಗ್ರಾಮೇ. ಡಬ್ಬಿಯನ್ನು ಒಲೆಯ ಪಕ್ಕ, ಕಿಟಕಿಯಲ್ಲಿ, ಬಚ್ಚಲುಮನೆಯ ಗೂಡಿನಲ್ಲಿ ಇಡಬೇಡಿ. ಶಾಖ, ಬೆಳಕು, ತೇವ ಮೂರೂ ಇದನ್ನು ಕೆಡಿಸುತ್ತವೆ.

ನೀರು, ಗಡಿಯಾರ, ಕಾಫಿ

ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬರಿ ನೀರಿನಲ್ಲಿ ನುಂಗಿ, ಆಮೇಲೆ 30ರಿಂದ 60 ನಿಮಿಷ ಬೇರೇನೂ ಬೇಡ. 60 ಆದರೆ ಒಳ್ಳೆಯದು. ಖಾಲಿ ಹೊಟ್ಟೆಯಲ್ಲೇ ಈ ಔಷಧಿ ರಕ್ತ ಸೇರುವುದು ಶೇಕಡ 60ರಿಂದ 80ರಷ್ಟು. ಆಹಾರದ ಜತೆ ಹೋದರೆ ಇನ್ನೂ ಕಡಿಮೆ, ಅದೂ ದಿನಕ್ಕೊಂದು ರೀತಿ.

ನಮ್ಮಲ್ಲಿ ಈ ನಿಯಮ ಮುರಿಯುವುದು ತಿಂಡಿಯ ಹೊತ್ತಿಗಲ್ಲ, ಕಾಫಿಯ ಹೊತ್ತಿಗೆ. ಒಂದು ಲೋಟ ಕಾಫಿಯನ್ನು ಯಾರೂ ಊಟ ಎಂದು ಎಣಿಸುವುದಿಲ್ಲ. ಆದರೆ ಕಾಫಿ ತಾನೇ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ, ಅದಕ್ಕೆ ಬೆರೆಸಿದ ಹಾಲಿನ ಕ್ಯಾಲ್ಸಿಯಂ ಉಳಿದದ್ದನ್ನೂ ಹಿಡಿಯುತ್ತದೆ. ಚಹಾ, ರಾಗಿ ಅಂಬಲಿ, ಸೋಯಾ ಹಾಲು, ನಾರಿನ ಪುಡಿ, ಇವಕ್ಕೂ ಅದೇ ಕಾಯುವಿಕೆ. ರಾಗಿಯನ್ನು ಬಿಡಬೇಕಿಲ್ಲ, ಒಂದು ತಾಸು ಹಿಂದಕ್ಕೆ ತಳ್ಳಿದರೆ ಸಾಕು. ಎಲೆಕೋಸು, ಹೂಕೋಸಿನ ಮೇಲಿನ ಭಯವೂ ಅತಿಯಾದದ್ದು. ಬೇಯಿಸಿ ಊಟದಲ್ಲಿ ತಿನ್ನುವಷ್ಟರಿಂದ ಟಿಎಸ್‌ಎಚ್ ಏರುವುದಿಲ್ಲ.

ಎದ್ದ ತಕ್ಷಣ ಕಾಫಿ ಇಲ್ಲದೆ ಆಗುವುದೇ ಇಲ್ಲ ಎನ್ನುವವರಿಗೆ ಎರಡು ದಾರಿ ಇದೆ. ನಸುಕಿನಲ್ಲಿ ಮೂತ್ರಕ್ಕೆ ಏಳುವ ಅಭ್ಯಾಸವಿದ್ದರೆ ಮಾತ್ರೆಯನ್ನೂ ನೀರನ್ನೂ ಹಾಸಿಗೆಯ ಪಕ್ಕ ಇಟ್ಟುಕೊಂಡು ಆಗಲೇ ನುಂಗಿ ಮತ್ತೆ ಮಲಗಿ. ಇಲ್ಲವೇ ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವಾಗ ತೆಗೆದುಕೊಳ್ಳಿ. ರಾತ್ರಿಯ ಮಾತ್ರೆಯೂ ಬೆಳಗಿನದರಷ್ಟೇ ಕೆಲಸ ಮಾಡುತ್ತದೆ, ಮಲಗುವ ಮುನ್ನ ಹಾಲು ಕುಡಿಯುವ ಪದ್ಧತಿ ಇರಬಾರದು ಅಷ್ಟೆ. ಯಾವ ಹೊತ್ತಾದರೂ ಅದನ್ನೇ ಹಿಡಿದುಕೊಂಡು ಹೋಗಿ.

ಕ್ಯಾಲ್ಸಿಯಂ, ಕಬ್ಬಿಣ ಮತ್ತು ಗ್ಯಾಸಿನ ಮಾತ್ರೆ

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಇಲ್ಲಿ. ಮಂಡಿ ನೋವಿಗೆ ಕ್ಯಾಲ್ಸಿಯಂ, ರಕ್ತ ಕಡಿಮೆಯೆಂದು ಕಬ್ಬಿಣ, ಸುಸ್ತಿಗೆ ಮಲ್ಟಿವಿಟಮಿನ್, ಎಲ್ಲವನ್ನೂ ಬೆಳಗಿನ ಒಂದೇ ಗುಟುಕಿನಲ್ಲಿ ಮುಗಿಸುವವರಿದ್ದಾರೆ. ಕ್ಯಾಲ್ಸಿಯಂ, ಕಬ್ಬಿಣ, ಅಲ್ಯುಮಿನಿಯಂ ಇರುವ ಔಷಧಿಗಳು ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ, ಕಟ್ಟಿದ್ದು ಮಲದಲ್ಲಿ ಹೊರಹೋಗುತ್ತದೆ. ನಡುವೆ 4 ಗಂಟೆ ಅಂತರ ಬೇಕು. ಮಲ್ಟಿವಿಟಮಿನ್ ಪಟ್ಟಿಯ ಹಿಂಬದಿ ಓದಿ, ಬಹಳಷ್ಟರಲ್ಲಿ ಈ ಖನಿಜಗಳು ಇದ್ದೇ ಇರುತ್ತವೆ. ಅಂಟಾಸಿಡ್ ಸಿರಪ್ಪು, ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಕೂಡ ಇದೇ ಸಾಲಿನವು.

ಗ್ಯಾಸಿಗೆಂದು ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳ ಕತೆ ಬೇರೆ. ಇವು ಮಾತ್ರೆಯನ್ನು ಹಿಡಿಯುವುದಿಲ್ಲ, ಅದು ಕರಗಲು ಬೇಕಾದ ಹೊಟ್ಟೆಯ ಆಮ್ಲವನ್ನೇ ತಗ್ಗಿಸುತ್ತವೆ. ಆ ಪರಿಣಾಮ ದಿನವಿಡೀ ಇರುವುದರಿಂದ ಗಂಟೆಗಳ ಅಂತರ ಕೊಟ್ಟು ಪ್ರಯೋಜನವಿಲ್ಲ. ಇವನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಶುರುಮಾಡಿದಾಗಲೂ ನಿಲ್ಲಿಸಿದಾಗಲೂ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ಬಸುರಿಯರಿಗೆ ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಈ ಮೂರು ಮಾತ್ರೆಗಳನ್ನು ಹೊಂದಿಸುವುದೇ ಒಂದು ಲೆಕ್ಕ. ಸರ್ಕಾರಿ ಆಸ್ಪತ್ರೆಗಳಲ್ಲಿ ದಿನಕ್ಕೊಂದು 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ, 500 ಮಿಲಿಗ್ರಾಂ ಕ್ಯಾಲ್ಸಿಯಂ ಎರಡು ಹೊತ್ತು ಕೊಡುತ್ತಾರೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ತಮ್ಮತಮ್ಮಲ್ಲೇ ಆಗಿಬರುವುದಿಲ್ಲ, ಕನಿಷ್ಠ 2 ಗಂಟೆ ಬಿಡಬೇಕು. ಹೀಗೆ ಮಾಡಿ ನೋಡಿ: 5.30ಕ್ಕೆ ಥೈರಾಯ್ಡ್ ಮಾತ್ರೆ, 6.30ರ ಮೇಲೆ ಕಾಫಿ, ಆಮೇಲೆ ತಿಂಡಿ, 1 ಗಂಟೆಯ ಊಟದ ಜತೆ ಕ್ಯಾಲ್ಸಿಯಂ, ಸಂಜೆ 5ಕ್ಕೆ ನಿಂಬೆ ಪಾನಕದೊಂದಿಗೆ ಕಬ್ಬಿಣ, ರಾತ್ರಿ 8.30ರ ಊಟದ ಜತೆ ಎರಡನೆಯ ಕ್ಯಾಲ್ಸಿಯಂ.

ಗರ್ಭ ನಿಂತಿದೆ ಎಂದು ತಿಳಿದ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು, ಮುಂದಿನ ತಪಾಸಣೆಯ ತಾರೀಖು ಕಾಯಬಾರದು. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಚ್ಚಿನವರಿಗೆ ಆ ದಿನಗಳಲ್ಲಿ ಶೇಕಡ 25ರಿಂದ 30ರಷ್ಟು ಹೆಚ್ಚು ಬೇಕಾಗುತ್ತದೆ. ಮಗುವಿನ ಮಿದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ.

ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರ ಪಾಡು ಇನ್ನೂ ನಾಜೂಕು. ಗ್ರಂಥಿಯ ಹಿಂದೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿಗೆ ಪೆಟ್ಟಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. ಆಗ ದಿನಕ್ಕೆ ಮೂರು ಹೊತ್ತು ಕ್ಯಾಲ್ಸಿಯಂ, ಜತೆಗೆ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಒಂದು ರೂಪ) ಬರೆಯುತ್ತಾರೆ. ಥೈರಾಕ್ಸಿನ್ ಅನ್ನು 5.30ಕ್ಕೇ ಮುಗಿಸಿದರೆ ಮೊದಲ ಕ್ಯಾಲ್ಸಿಯಂ 9.30ರ ತಿಂಡಿಗೆ ಹೊಂದುತ್ತದೆ, ಉಳಿದೆರಡು ಮಧ್ಯಾಹ್ನ, ರಾತ್ರಿ ಊಟಕ್ಕೆ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜತೆಗೇ ಚೆನ್ನಾಗಿ ಹೀರುವುದು. ಅಡ್ಡಬರುತ್ತದೆಂದು ಕ್ಯಾಲ್ಸಿಯಂ ಬಿಟ್ಟುಬಿಡುವುದು ಮಾತ್ರ ಅಪಾಯ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ರಕ್ತ ಕೊಡುವ ದಿನ

ಡೋಸ್ ಅಥವಾ ಬ್ರ್ಯಾಂಡ್ ಬದಲಿಸಿ 6ರಿಂದ 8 ವಾರ ಆಗುವ ಮೊದಲು ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ (ಬಸುರಿಯರಿಗೆ ಮಾತ್ರ ಸುಮಾರು 4 ವಾರಕ್ಕೊಮ್ಮೆ ನೋಡುತ್ತಾರೆ). ಟಿಎಸ್‌ಎಚ್‌ಗೆ ಉಪವಾಸ ಬೇಕಿಲ್ಲ. ಆದರೆ ಅದು ರಾತ್ರಿ ಮತ್ತು ನಸುಕಿನಲ್ಲಿ ಏರಿ ಮಧ್ಯಾಹ್ನ ಇಳಿಯುವ ಸ್ವಭಾವದ್ದು, ಹಾಗಾಗಿ ಪ್ರತಿಸಲ ಒಂದೇ ಹೊತ್ತು, ಆದಷ್ಟು ಒಂದೇ ಲ್ಯಾಬು. ಫ್ರೀ ಟಿ4 ಕೂಡ ಇದ್ದರೆ ರಕ್ತ ಕೊಟ್ಟ ಮೇಲೆಯೇ ಅಂದಿನ ಮಾತ್ರೆ ನುಂಗಿ. ನುಂಗಿದ 2ರಿಂದ 4 ಗಂಟೆಯೊಳಗೆ ಟಿ4 ತಾತ್ಕಾಲಿಕವಾಗಿ ಮೇಲೇರಿರುತ್ತದೆ.

ಕೂದಲು ಉದುರುವುದಕ್ಕೆಂದು 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಅದು ದೇಹದ ಹಾರ್ಮೋನನ್ನು ಮುಟ್ಟುವುದಿಲ್ಲ, ಹಲವು ಲ್ಯಾಬ್ ಯಂತ್ರಗಳ ಅಳತೆಯನ್ನು ಕೆಡಿಸುತ್ತದೆ. ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ, ಟಿ4 ಸುಳ್ಳುಸುಳ್ಳೇ ಹೆಚ್ಚು ಎಂದು ತೋರಿ, ಅದನ್ನು ನಂಬಿ ಸರಿಯಿದ್ದ ಡೋಸನ್ನೇ ಇಳಿಸಿಬಿಡುವ ಸಾಧ್ಯತೆ ಇದೆ. ಥೈರಾಯ್ಡಿಗೂ ಕೂದಲು ಉದುರುತ್ತದಲ್ಲ, ಇವೆರಡು ಮಾತ್ರೆ ಒಂದೇ ಮನೆಯಲ್ಲಿ ಸಿಗುವುದು ಅದಕ್ಕೇ.

ಟಿಎಸ್‌ಎಚ್ 4ರ ಬದಲು 12 ಬಂತೆಂದರೆ ಹಾರ್ಮೋನ್ ಮೂರು ಪಟ್ಟು ಕಡಿಮೆಯಾಯಿತೆಂದು ಗಾಬರಿಯಾಗಬೇಡಿ. ಟಿ4 ತುಸು ಇಳಿದರೂ ಟಿಎಸ್‌ಎಚ್ ಜಿಗಿಯುತ್ತದೆ. ಪಿಟ್ಯುಟರಿ ಗ್ರಂಥಿಯೇ ಕೆಟ್ಟವರಲ್ಲಿ ಈ ಸಂಖ್ಯೆಗೆ ಅರ್ಥವಿಲ್ಲ, ಅವರು ಫ್ರೀ ಟಿ4 ನೋಡಿಯೇ ನಡೆಯಬೇಕು.

ಇಷ್ಟಾದರೂ ಇಳಿಯದಿದ್ದರೆ

ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದ ವಯಸ್ಕರಿಗೆ ಬೇಕಾಗುವುದು ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೊಗ್ರಾಂ, ಅಂದರೆ 60 ಕಿಲೋದವರಿಗೆ 100ರ ಆಸುಪಾಸು. ನಿಯಮ ತಪ್ಪದೆ ನುಂಗಿಯೂ ಇದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತಿದ್ದರೆ ಹೊಟ್ಟೆ, ಕರುಳು ನೋಡಿಸಬೇಕು: ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಹೊಟ್ಟೆಯ ಎಚ್. ಪೈಲೊರಿ ಬ್ಯಾಕ್ಟೀರಿಯಾ ಸೋಂಕು, ಜಠರದ ಒಳಪದರ ಸವೆದಿರುವುದು, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಥೈರಾಕ್ಸಿನ್ನನ್ನು ಬೇಗ ಖರ್ಚು ಮಾಡಿಸುತ್ತವೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆಯೂ ಬೇಡಿಕೆ ಏರಿಸುತ್ತದೆ. ಹೀಗಾಗಿ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗುವುದು ಬಾಯಲ್ಲಿ ಹೇಳುವುದಕ್ಕಿಂತ ಮೇಲು.

ಸೈಂಧವ ಲವಣ ಥೈರಾಯ್ಡಿಗೆ ಒಳ್ಳೆಯದೆಂಬ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಅದರಲ್ಲಿ ಬೆರೆಸಿದ ಅಯೋಡಿನ್ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬರ ಕಾಯಿಲೆಗೆಂದು ಮನೆಮಂದಿಯ ಉಪ್ಪನ್ನೇ ಬದಲಿಸಿದರೆ ಕೊರತೆ ಬೀಳುವುದು ಮಕ್ಕಳಿಗೆ, ಬಸುರಿಯರಿಗೆ. ಇನ್ನೊಂದು ತುದಿಗೆ ಹೋಗಿ ಕಡಲಕಳೆಯ ಅಯೋಡಿನ್ ಗುಳಿಗೆ ನುಂಗುವುದೂ ಬೇಡ, ಹಶಿಮೊಟೊ ಕಾಯಿಲೆಯವರಲ್ಲಿ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ಬೀಳುವ ಕಾಯಿಲೆ ಇದು) ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಅಂಗಡಿಯ ಅಯೋಡಿನ್ ಉಪ್ಪೇ ಸಾಕು, ಮುಚ್ಚಿದ ಡಬ್ಬಿಯಲ್ಲಿಟ್ಟು ಅಡುಗೆ ಇಳಿಸುವ ಹೊತ್ತಿಗೆ ಹಾಕಿ.