ಆಸ್ಪತ್ರೆ ಚೀಟಿಯಲ್ಲಿ ‘ಬೀದಿನಾಯಿ’

ಕಾಸರಗೋಡಿನ ವಿದ್ಯಾನಗರ ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತನಾಗಿ ನನಗೆ ಇಪ್ಪತ್ತೆರಡು ವರ್ಷ. ನಾಯಿ ಕಚ್ಚಿದವರಿಗೆಲ್ಲ ಅರ್ಜಿ ಬರೆದುಕೊಟ್ಟ ನನ್ನ ಮೀನಖಂಡಕ್ಕೇ ಕಳೆದ ಮಳೆಗಾಲದಲ್ಲಿ ನೆರೆಮನೆಯ ನಾಯಿ ಬಾಯಿ ಹಾಕಿತು. ಬದಿಯಡ್ಕದ ಬಸ್ಸು ಹಿಡಿಯಲು ಅವರ ತೋಟದ ತಡಮೆ ದಾಟುತ್ತಿದ್ದೆ. ಪಂಚೆ ಹರಿದು ನಾಲ್ಕು ಹಲ್ಲಿನ ಗುರುತು. ಒಂದು ಸಾಕಷ್ಟು ಆಳ.

ಮನೆಗೆ ಮರಳಿ ನಲ್ಲಿಯ ಕೆಳಗೆ ಕಾಲಿಟ್ಟು ಸಾಬೂನು ಹಚ್ಚಿ ತೊಳೆದೆ. ಹದಿನೈದು ನಿಮಿಷ ತೊಳೆಯಬೇಕು. ಹೆಂಡತಿ ಗಡಿಯಾರ ನೋಡುತ್ತಾ ನಿಂತಿದ್ದಳು. ಅತ್ತೆ ಅರಸಿನ, ಸುಣ್ಣ ಕಲಸಿ ತಂದರು, ಬೇಡವೆಂದೆ. ಅವರ ಮುನಿಸು ಎರಡು ದಿನ ಇತ್ತು.

ಆಸ್ಪತ್ರೆಯಲ್ಲಿ ಸಿಸ್ಟರ್ ಯಾವ ನಾಯಿ ಎಂದು ಮಲಯಾಳದಲ್ಲಿ ಕೇಳಿದರು, ನಾನು ಉತ್ತರಿಸುವ ಮೊದಲೇ ಚೀಟಿಯಲ್ಲಿ ‘ಬೀದಿನಾಯಿ’ ಎಂದು ಬರೆದಾಗಿತ್ತು. ದಿನಕ್ಕೆ ಹತ್ತಾರು ಜನರನ್ನು ನೋಡುವವರಿಗೆ ಅದು ಕೈರೂಢಿ. “ಸಾಕಿದ ನಾಯಿ, ನೆರೆಯವರದ್ದು. ಹಾಗೆಯೇ ಬರೆಯಿರಿ” ಎಂದೆ. “ಮದ್ದು ಎರಡಕ್ಕೂ ಒಂದೇ” ಎಂದರು. ಮದ್ದು ಒಂದೇ, ನಿಜ. ಆದರೆ ಪರಿಹಾರ ಕೊಡಬೇಕಾದವರು ಬೇರೆ. ಬೀದಿನಾಯಿಯಾದರೆ ಹೊಣೆ ಪಂಚಾಯಿತಿಯ ಮೇಲೆ ಬರುತ್ತದೆ; ಅಂಥ ಇಬ್ಬರಿಗೆ, ಬೀದಿನಾಯಿ ಕಚ್ಚಿದವರ ಪರಿಹಾರದ ಅರ್ಜಿ ನೋಡಲು ಸುಪ್ರೀಂ ಕೋರ್ಟು 2016ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸಿರಿ ಜಗನ್ ಸಮಿತಿಗೆ ನಾನೇ ಅರ್ಜಿ ಬರೆದುಕೊಟ್ಟಿದ್ದೆ. ಸಾಕುನಾಯಿಯಾದರೆ ಹೊಣೆ ಸಾಕಿದವರದ್ದು. ಆ ಒಂದು ಪದ ಚೀಟಿಯಲ್ಲಿ ಉಳಿದಿದ್ದರೆ ನೆರೆಯವರ ವಕೀಲರು ಅದನ್ನೇ ಎತ್ತಿ ಹಿಡಿಯುತ್ತಿದ್ದರು. ಡಾಕ್ಟರರು ಹೊಡೆದುಹಾಕಿ, ತಿದ್ದಿ, ಪಕ್ಕದಲ್ಲಿ ರುಜು ಹಾಕಿದರು. ಗಾಯ ಮೂರನೇ ವರ್ಗದ್ದು, ಅಂದರೆ ಹಲ್ಲು ಚರ್ಮ ದಾಟಿ ಇಳಿದದ್ದು, ಹಾಗಾಗಿ ಗಾಯದ ಸುತ್ತಲೇ ಇಮ್ಯುನೋಗ್ಲೋಬ್ಯುಲಿನ್, ಅಂದರೆ ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ, ಚುಚ್ಚಿದರು. ಅದರ ನೋವಿನ ಎದುರು ಕಚ್ಚಿದ್ದು ಏನೂ ಅಲ್ಲ. ಲಸಿಕೆ ಅಂದು, ಮತ್ತೆ 3, 7 ಮತ್ತು 28ನೇ ದಿನ.

ಸಂಜೆ ನೆರೆಯ ಅಣ್ಣನನ್ನು ಕಂಡೆ. “ಅದು ನಮ್ಮ ನಾಯಿಯಲ್ಲ ಮಾರಾಯರೇ. ಉಂಡು ಉಳಿದದ್ದನ್ನು ಹಾಕುತ್ತೇವೆ, ಅಷ್ಟೇ” ಎಂದರು. ನಾನು ಜಗಳಕ್ಕೆ ನಿಲ್ಲಲಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂದು ಡಾಕ್ಟರರೇ ಹೇಳಿದ್ದರಲ್ಲ? ದಿನವೂ ಬೆಳಗ್ಗೆ ಹೋಗಿ ಮೊಬೈಲಿನಲ್ಲಿ ಅದರ ಫೋಟೋ ತೆಗೆದೆ. ಹತ್ತು ದಿನ, ಹತ್ತು ಫೋಟೋ, ಎಲ್ಲದರಲ್ಲೂ ತಾರೀಕು. ಎಲ್ಲದರಲ್ಲೂ ನಾಯಿ ಅವರ ಚಾವಡಿಯ ಮೆಟ್ಟಿಲಿನ ಹತ್ತಿರವೇ. ಪಕ್ಕದಲ್ಲಿ ಅಂಚು ಚಪ್ಪಟೆಯಾದ ಅಲ್ಯುಮಿನಿಯಂ ಬಟ್ಟಲು. ಆರನೆಯದರಲ್ಲಿ ಕುತ್ತಿಗೆಗೆ ಸಂಕೋಲೆ. ಬೀದಿನಾಯಿಗೆ ಯಾರು ಸಂಕೋಲೆ ಹಾಕುತ್ತಾರೆ?

ಕೇರಳದಲ್ಲಿ 1998ರ ನಿಯಮಗಳ ಪ್ರಕಾರ ನಾಯಿ ಸಾಕಲು ಪಂಚಾಯಿತಿಯ ಲೈಸೆನ್ಸ್ ಬೇಕು. ಲೈಸೆನ್ಸ್ ಇದೆಯೇ ಎಂದು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದೆ, ಕನ್ನಡದಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ. ಉತ್ತರ ಮಲಯಾಳದಲ್ಲಿ ಬಂತು. ಅದು ಬೇರೆ ಜಗಳ. ಲೈಸೆನ್ಸ್ ಇರಲಿಲ್ಲ.

ಪೊಲೀಸ್ ದೂರು ಕೊಡು ಎಂದು ಅನೇಕರು ಹೇಳಿದರು. ಪ್ರಾಣಿಯ ವಿಷಯದಲ್ಲಿ ಅಜಾಗರೂಕತೆಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ನನಗೆ ಬೇಕಾದದ್ದು ಅವರ ಸಜೆಯಲ್ಲ, ನನ್ನ ಖರ್ಚು. ತಾಲೂಕು ಕಾನೂನು ಸೇವಾ ಸಮಿತಿಗೆ ವ್ಯಾಜ್ಯಪೂರ್ವ ಅರ್ಜಿ, ಅಂದರೆ ದಾವೆ ಹೂಡುವ ಮೊದಲೇ ರಾಜಿಗೆ ಕೇಳುವ ಅರ್ಜಿ, ಕೊಟ್ಟೆ. ಕೋರ್ಟು ಶುಲ್ಕವಿಲ್ಲ. ಔಷಧಿಯ ಬಿಲ್ಲು, ಬಸ್ಸಿನ ಟಿಕೇಟು, ಕೆಲಸ ತಪ್ಪಿದ ದಿನಗಳು, ಹರಿದ ಪಂಚೆಯ 320 ರೂಪಾಯಿ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದೆ. ಪಂಚೆಯನ್ನು ಒಗೆಯದೆ ಇಟ್ಟಿದ್ದೆ.

ಸಮಿತಿ ರಾಜಿಗೆ ಕರೆದ ಲೋಕ ಅದಾಲತ್ತಿನಲ್ಲಿ ನೆರೆಯ ಅಣ್ಣ ಮೊದಲು ಹೇಳಿದ್ದು, “ನಮ್ಮ ತೋಟಕ್ಕೆ ಯಾಕೆ ಬಂದದ್ದು?” ಎಂದು. ಅದು ಅಜ್ಜನ ಕಾಲದಿಂದ ಎಲ್ಲರೂ ನಡೆಯುವ ದಾರಿ. ಅವರ ಮಕ್ಕಳೂ ಅದರಲ್ಲೇ ಶಾಲೆಗೆ ಹೋದವರು. ಮತ್ತೆ, ನಾಯಿ ತಮ್ಮದಲ್ಲ ಎಂದರು. ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರ ಹೆಂಡತಿ ನೋಡಿ, “ಇದು ನಮ್ಮ ಟೈಗರ್ ಅಲ್ಲವಾ?” ಎಂದುಬಿಟ್ಟರು. ಮೇಜಿನ ಆಚೆ ಕೂತವರು ನಗು ತಡೆದದ್ದು ನನಗೆ ಕಂಡಿತು.

ಎರಡು ಕಂತಿನಲ್ಲಿ 14,000 ರೂಪಾಯಿಗೆ ಮುಗಿಯಿತು. ಕೇಳಿದ್ದಕ್ಕಿಂತ ಕಡಿಮೆ. ಆದರೂ ಒಪ್ಪಿದೆ; ಲೋಕ ಅದಾಲತ್ತಿನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಸಿವಿಲ್ ದಾವೆಗಳು ಎಷ್ಟು ವರ್ಷ ಎಳೆಯುತ್ತವೆಂದು ಗುಮಾಸ್ತನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಎರಡನೇ ಕಂತು ಕೊಡಲು ಬಂದಾಗ ಅಣ್ಣ ಜಗಲಿಯಲ್ಲಿ ಕೂತು, ಲೈಸೆನ್ಸಿನ ಅರ್ಜಿಯನ್ನು ನನ್ನಿಂದಲೇ ಬರೆಸಿಕೊಂಡರು. ನಾಯಿಯ ಒಡೆಯರ ಹೆಸರು ಬರೆಯುವಲ್ಲಿ ನನ್ನ ಪೆನ್ನು ನಿಂತಿತು. “ನನ್ನದೇ ಬರೆಯಿರಿ” ಎಂದರು.