ಹಿಮ್ಮಡಿ ಒಡೆದಿದ್ಯಾ? ಬರೀ ಎಣ್ಣೆ ಸವರಿದ್ರೆ ಆಗಲ್ಲ

ರಾತ್ರಿ ಮಲಗಿದಾಗ ಹೊದಿಕೆ ದಾರ ಹಿಮ್ಮಡಿಗೆ ಸಿಕ್ಕಿ ಎಳೆಯೋಕೆ ಶುರುವಾದ್ರೆ ಚಳಿಗಾಲ ಬಂತು ಅಂತಲೇ ಲೆಕ್ಕ. ಡಿಸೆಂಬರ್ ಬಂದ್ರೆ ನಮ್ಮ ಮನೇಲಿ ಎಲ್ಲರ ಕಾಲೂ ಹೀಗೇ, ಎಲ್ಲರೂ ಮಾಡೋ ತಪ್ಪೂ ಒಂದೇ, ಒಣಗಿದ ಕಾಲಿಗೆ ಕೊಬ್ಬರಿ ಎಣ್ಣೆ ಸವರ್ಕೊಂಡು ಮಲಗೋದು, ಬೆಳಗ್ಗೆ ನೋಡಿದ್ರೆ ಹಾಸಿಗೆ ತುಂಬ ಎಣ್ಣೆ, ಒಡಕು ಮಾತ್ರ ಎಲ್ಲಿತ್ತೋ ಅಲ್ಲೇ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದೋಳು.

ಅಂಗಾಲಲ್ಲಿ ಬೆವರಿನ ಗ್ರಂಥಿ ಬೇಕಾದಷ್ಟಿದಾವೆ, ಆದ್ರೆ ಎಣ್ಣೆ ಗ್ರಂಥಿ ಇಲ್ಲವೇ ಇಲ್ಲ, ಅದಕ್ಕೇ ಮುಖ ಜಿಡ್ಡಾಗೋ ಹಾಗೆ ಕಾಲಡಿ ಜಿಡ್ಡಾಗಲ್ಲ. ಸಾಲದ್ದಕ್ಕೆ ಇಡೀ ಮೈ ಭಾರ ಅದರ ಮೇಲೆ. ನಾವು ನಿಂತಾಗ ಹಿಮ್ಮಡಿ ಒಳಗಿರೋ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಉಬ್ಬುತ್ತೆ, ಚರ್ಮ ಮೆತ್ತಗಿದ್ರೆ ಜೊತೆಗೇ ಹಿಗ್ಗುತ್ತೆ, ದಪ್ಪಗಟ್ಟಿ ಒಣಗಿದ್ರೆ ಬತ್ತಿದ ಕೆರೆ ಮಣ್ಣಿನ ಥರ ಬಿರಿಯುತ್ತೆ. ಹಿಂದೆ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಹಾಕಿದ್ರೆ ಆ ಉಬ್ಬೋದನ್ನ ತಡೆಯೋಕೆ ಏನೂ ಇರಲ್ಲ. ದಿನವಿಡೀ ನಿಂತೇ ಕೆಲಸ ಮಾಡೋ ಟೀಚರ್‌ಗಳು, ಕಂಡಕ್ಟರ್‌ಗಳು, ಹೋಟೆಲ್ ಅಡುಗೆಯವರು, ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ಓಡಾಡೋ ಹೆಂಗಸರು, ಗದ್ದೆ ಕೆಸರಲ್ಲಿ ನೆಂದು ಆಮೇಲೆ ಬಿಸಿಲಲ್ಲಿ ಒಣಗೋ ಕಾಲು, ಇವಕ್ಕೆಲ್ಲ ಜಾಸ್ತಿ. ಸುಡು ಸುಡು ನೀರಿನ ಸ್ನಾನಾನೂ ಇರೋ ಅಲ್ಪಸ್ವಲ್ಪ ಪಸೆ ತೆಗೆದುಬಿಡುತ್ತೆ.

ವಿಷಯ ಇಷ್ಟೇ, ಎಣ್ಣೆ ಚರ್ಮಕ್ಕೆ ನೀರು ಕೊಡಲ್ಲ, ಇರೋ ನೀರು ಆರದ ಹಾಗೆ ಹಿಡಿದಿಡುತ್ತೆ. ಒಣ ಕಾಲಲ್ಲಿ ಹಿಡಿದಿಡೋಕೆ ಏನಿದೆ ಹೇಳಿ? ಅದಕ್ಕೆ ಮೊದಲು ನೆನೆಸಬೇಕು. ರಾತ್ರಿ ಮಲಗೋ ಮುಂಚೆ ಒಂದು ಬೇಸಿನ್‌ನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕಾಲಿಡಿ, ಅದಕ್ಕಿಂತ ಜಾಸ್ತಿ ಬೇಡ. ಉಪ್ಪು, ನಿಂಬೆಹಣ್ಣು, ಶಾಂಪೂ ಯಾವುದೂ ಬೇಕಾಗಿಲ್ಲ, ಒಡೆದ ಜಾಗಕ್ಕೆ ನಿಂಬೆ ಬಿದ್ರೆ ಉರಿ ಹೇಗಿರುತ್ತೆ ಅಂತ ಹಿಂಡಿದವರಿಗೇ ಗೊತ್ತು. ಆಮೇಲೆ ಪ್ಯೂಮಿಸ್ ಕಲ್ಲಲ್ಲಿ ಮೆಲ್ಲಗೆ ಉಜ್ಜಿ, ಹಿಂದೆ ಬಚ್ಚಲು ಕಲ್ಲಿಗೇ ಹಿಮ್ಮಡಿ ತಿಕ್ತಿದ್ರಲ್ಲ ಅದೇ ಕೆಲಸ ಇದು. ಒಂದೇ ದಿನಕ್ಕೆ ಎಲ್ಲಾ ತೆಗೆದುಬಿಡೋ ಆಸೆ ಬೇಡ, ವಾರಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಸಾಕು, ರಕ್ತ ಬರೋ ಒಡಕಿದ್ರೆ ಅದು ಮಾಯೋವರೆಗೂ ಕಲ್ಲು ಮುಟ್ಟಲೇಬೇಡಿ.

ಟವೆಲ್‌ನಲ್ಲಿ ಒತ್ತಿ ಒರೆಸಿ, ಬೆರಳ ಸಂದಿ ಪೂರ್ತಿ ಒಣಗಲಿ, ಹಿಮ್ಮಡಿ ಮಾತ್ರ ಇನ್ನೂ ಸ್ವಲ್ಪ ಹಸಿ ಇರೋವಾಗಲೇ ಹಚ್ಚಬೇಕು. ಏನು ಹಚ್ಚೋದು ಅಂದ್ರೆ, ಚರ್ಮ ತುಂಬಾ ದಪ್ಪ ಇದ್ರೆ ಮೆಡಿಕಲ್ ಶಾಪಲ್ಲಿ ಯೂರಿಯಾ ಕ್ರೀಮ್ ಕೇಳಿ, ಸಾಧಾರಣ ಒಣಗಿದ್ರೆ 10 ಪರ್ಸೆಂಟ್, ಗಟ್ಟಿಯಾಗಿದ್ರೆ 20-25 ಪರ್ಸೆಂಟ್, ಯೂರಿಯಾ ನೀರು ಹಿಡಿದಿಡೋದಲ್ದೆ ಗಟ್ಟಿ ಚರ್ಮಾನ ಮೆತ್ತಗೂ ಮಾಡುತ್ತೆ. ಹಸಿ ಗಾಯಕ್ಕೆ ಮಾತ್ರ ಉರಿಯುತ್ತೆ, ಅಲ್ಲಿಗೆ ವ್ಯಾಸಲೀನೇ ವಾಸಿ. ನಮ್ಮ ಅಮ್ಮ ಶಿರಸಿ ಕಡೆಯೋರು, ಅವರಿಗೆ ಮುರುಗಲ (ಕೋಕಂ, ಪುನರ್ಪುಳಿ ಅಂತಾರಲ್ಲ, ಅದೇ) ತುಪ್ಪ ಬಿಟ್ರೆ ಬೇರೆ ಯಾವುದೂ ಮದ್ದೇ ಅಲ್ಲ. ಮುರುಗಲ ಬೀಜ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದ್ರೆ ಮೇಲೆ ತೇಲೋ ಜಿಡ್ಡು ಅದು, ಆರಿದ್ರೆ ಕಲ್ಲಿನ ಥರ ಗಟ್ಟಿ, ಸ್ವಲ್ಪ ಬಿಸಿ ಮಾಡಿ ಹಚ್ಚಿದ್ರೆ ಒಡಕಿನೊಳಗೆ ಹೋಗಿ ಕೂರುತ್ತೆ, ಕೊಬ್ಬರಿ ಎಣ್ಣೆ ಥರ ಹರಿದು ಹೋಗಲ್ಲ. ಕರಗಿಸಿದ ಮೇಲೆ ಕೈಗೆ ಬಿಸಿ ನೋಡಿ ಹಚ್ಚಿ ಮತ್ತೆ, ಸುಟ್ಕೋಬೇಡಿ. ಯಾವುದು ಹಚ್ಚಿದ್ರೂ ಮೇಲೊಂದು ಹಳೇ ಕಾಟನ್ ಸಾಕ್ಸ್. ಬೆಳಗ್ಗೆನೂ ಒಂದು ಸಲ ಹಚ್ಚಿ. ಎರಡು ಮೂರು ವಾರ ತಪ್ಪದೇ ಮಾಡಿ, ನಾಲ್ಕು ದಿನ ಮಾಡಿ ಬಿಡೋರೇ ಜಾಸ್ತಿ.

ಬ್ಲೇಡಲ್ಲಿ ಕೆರೆಯೋದು, ಫೆವಿಕ್ವಿಕ್ ಹಾಕಿ ಅಂಟಿಸೋದು, ಆಣಿಗೆ ಹಚ್ಚೋ ಮದ್ದನ್ನ ಒಡಕಿಗೆ ಬಿಡೋದು, ದಯವಿಟ್ಟು ಬೇಡ.

ಎಷ್ಟು ಮಾಡಿದ್ರೂ ಹೋಗ್ತಿಲ್ಲ, ಅದರಲ್ಲೂ ಒಂದೇ ಕಾಲಲ್ಲಿ ಜಾಸ್ತಿ, ಹಿಟ್ಟು ಉದುರಿದ ಹಾಗೆ ಹೊಟ್ಟು ಬರುತ್ತೆ, ಬೆರಳ ಸಂದೀಲಿ ತುರಿಕೆ ಅಂದ್ರೆ ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿನೇ ಬೇಕು. ಸೋರಿಯಾಸಿಸ್, ಥೈರಾಯ್ಡ್ ಕಮ್ಮಿ ಇರೋದು, ಇವುಗಳಿಂದಲೂ ಕಾಲು ಒಡೆಯುತ್ತೆ, ಚರ್ಮದ ಡಾಕ್ಟರಿಗೆ ತೋರಿಸಿ.

ಶುಗರ್ ಇರೋರ ವಿಷಯ ಬೇರೆನೇ. ನರ ಕೆಟ್ಟು ಕಾಲು ಬೆವರೋದು ಕಮ್ಮಿಯಾಗಿ ಚರ್ಮ ಒಣಗುತ್ತೆ, ಒಡೆದ್ರೆ ನೋವೂ ಗೊತ್ತಾಗಲ್ಲ, ಗಾಯ ಕೀವಾದ ಮೇಲೇ ನೋಡ್ತಾರೆ. ಅವರು ನೆನೆಸೋದು, ಕಲ್ಲಲ್ಲಿ ಉಜ್ಜೋದು ತಾವೇ ಮಾಡೋದು ಬೇಡ, ದಿನಾ ಕ್ರೀಮ್ ಹಚ್ಚಿ, ರಾತ್ರಿ ಅಂಗಾಲು ಕನ್ನಡೀಲಿ ನೋಡ್ಕೊಳ್ಳಿ ಅಥವಾ ಮನೆಯೋರಿಗೆ ನೋಡೋಕೆ ಹೇಳಿ. ಯಾರಿಗೇ ಆಗಲಿ ಒಡಕಿನ ಸುತ್ತ ಕೆಂಪಾಗಿ ಬಿಸಿಯಾಗಿ ಊದಿದ್ರೆ, ಜ್ವರ ಬಂದ್ರೆ ಅವತ್ತೇ ಡಾಕ್ಟರ ಹತ್ರ ಹೋಗಿ. ಸಗಣಿ ಮಣ್ಣಲ್ಲಿ ಕೆಲಸ ಮಾಡೋರು ಧನುರ್ವಾಯು ಬರದ ಹಾಗೆ ಕೊಡೋ ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತಲೂ ನೆನಪು ಮಾಡ್ಕೊಳ್ಳಿ.

ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ, ಮನೆ ಒಳಗೂ ಚಪ್ಪಲಿ ಹಾಕ್ಕೋ ಅಂದಿದ್ದಕ್ಕೆ ನಮ್ಮನೇಲಿ ದೊಡ್ಡ ಜಗಳಾನೇ ಆಯ್ತು, ಅಡುಗೆಮನೆಗೆ ಚಪ್ಪಲೀನಾ ಅಂತ ಅಮ್ಮ. ಕೊನೆಗೆ ಹೊರಗೆ ಒಂದು ದಿನಾನೂ ಹಾಕದ, ಹಿಂದೆ ಪಟ್ಟಿ ಇರೋ ಮೆತ್ತನೆ ಜೊತೆ ತಂದುಕೊಟ್ಟೆ. ಈಗ ದೇವರಮನೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗ್ತಾರೆ, ಬಂದ ತಕ್ಷಣ ಅದನ್ನೇ ಹುಡುಕ್ತಾರೆ.